ಸರ್ಟಿಫಿಕೇಟ್ ಅಂಗಡಿಗೆ ದುಡ್ಡು ಸುರಿಯುವ ಮುನ್ನ...

ಬಿಟಿಎಂ ಲೇಔಟ್, ಮಾರತಹಳ್ಳಿ, ರಾಜಾಜಿನಗರ - ಬೆಂಗಳೂರಿನ ಯಾವ ಬಡಾವಣೆಯ ಮುಖ್ಯರಸ್ತೆಯಲ್ಲಾದರೂ ನಿಂತು ತಲೆ ಎತ್ತಿ ನೋಡಿ. ‘ಲಿನಕ್ಸ್, ಕ್ಲೌಡ್, ನೆಟ್‌ವರ್ಕಿಂಗ್: ಕೆಲಸ ಗ್ಯಾರಂಟಿ’ ಎಂಬ ಬೋರ್ಡು ಎಲ್ಲೋ ಒಂದು ಕಡೆ ನೇತಾಡುತ್ತಿರುತ್ತದೆ. ಹಾಸನದಿಂದಲೋ ರಾಯಚೂರಿನಿಂದಲೋ ಬಂದ ಹುಡುಗ ಆ ಮೆಟ್ಟಿಲು ಹತ್ತುತ್ತಾನೆ. ಅಪ್ಪ ಆಲೂಗಡ್ಡೆ ಮಾರಿದ ದುಡ್ಡು, ಅವ್ವ ಸ್ವಸಹಾಯ ಸಂಘದಲ್ಲಿ ಎತ್ತಿದ ಸಾಲ ಅಲ್ಲಿನ ಕೌಂಟರಿಗೆ ಬೀಳುತ್ತದೆ. ಬದಲಿಗೆ ಎಷ್ಟೋ ಕಡೆ ಸಿಗುವುದೇನು? ಒಂದು ಕಂಪ್ಯೂಟರಿಗೆ ಮೂವರು, ಹೆಸರಿಗಷ್ಟೇ ಪ್ರಾಕ್ಟಿಕಲ್, ಕೊನೆಗೆ ಕೈಗೊಂದು ‘ಡಂಪ್’. ಅಂದರೆ ಪರೀಕ್ಷೆಯಿಂದ ಕದ್ದು ತಂದ ಪ್ರಶ್ನೋತ್ತರಗಳ ಕಂತೆ. ಉರು ಹೊಡಿ, ಪಾಸಾಗು!

ಒಳ್ಳೆಯ ಮೇಷ್ಟರು ಇಲ್ಲವೆಂದಲ್ಲ. ಇದ್ದಾರೆ, ಅಂಥವರ ಹತ್ತಿರ ಕಲಿತವರು ಪುಣ್ಯವಂತರು. ಆದರೆ ಡಂಪ್ ಓದಿ ಪಾಸಾದದ್ದು ಪತ್ತೆಯಾದರೆ ಮೈಕ್ರೋಸಾಫ್ಟ್, ಸಿಸ್ಕೋದಂಥ ಕಂಪನಿಗಳು ಸರ್ಟಿಫಿಕೇಟನ್ನೇ ರದ್ದು ಮಾಡಬಹುದು, ಮತ್ತೆ ಪರೀಕ್ಷೆಗೆ ಕೂರದಂತೆ ನಿಷೇಧ ಹಾಕಬಹುದು. ಇದನ್ನು ಬೋರ್ಡಿನ ಮೇಲೆ ಯಾರೂ ಬರೆಯುವುದಿಲ್ಲ.

ಗೆಳೆಯರೇ, ನಿಮಗೆ ಬೇಕಾದ ಲ್ಯಾಬು ನಿಮ್ಮ ಲ್ಯಾಪ್‌ಟಾಪಿನೊಳಗೇ ಇದೆ. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು, ಮತ್ತೊಂದು ಕಂಪ್ಯೂಟರು ಓಡಿಸುವ ವಿದ್ಯೆ ಇದು. ಇವಕ್ಕೆ ವರ್ಚುವಲ್ ಮಷೀನ್ ಎನ್ನುತ್ತಾರೆ. ನಿನ್ನೆ ಮೊನ್ನೆಯ ಜಾದೂ ಏನಲ್ಲ. ಐಬಿಎಂ ತನ್ನ ದೈತ್ಯ ಯಂತ್ರಗಳಿಗೆ 1972ರಲ್ಲೇ ವಿಎಂ/370 ಕೊಟ್ಟಿತ್ತು. ನಮ್ಮಂಥವರ ಪಿಸಿಗೆ ವಿಎಂವೇರ್ ಕಂಪನಿ 1999ರಲ್ಲಿ ಅದನ್ನು ತಂದಿತು. ಆಗ ಅದಕ್ಕೆ ಕಾಸು ಕೊಡಬೇಕಿತ್ತು. ಈಗ ಅದೇ ವಿಎಂವೇರ್ ವರ್ಕ್‌ಸ್ಟೇಷನ್ ಪ್ರೊ 2024ರ ನವೆಂಬರಿನಿಂದ ಎಲ್ಲರಿಗೂ ಪುಕ್ಕಟೆ. ಒರಾಕಲ್‌ನ ವರ್ಚುವಲ್‌ಬಾಕ್ಸ್ ಮೊದಲಿನಿಂದಲೂ ಪುಕ್ಕಟೆ. ಲಿನಕ್ಸ್ ಹಾಕಿಕೊಂಡವರಿಗೆ ಕೆವಿಎಂ ಅದರೊಳಗೇ ಇದೆ.

16 ಜಿಬಿ ರ್ಯಾಮ್ ಇದ್ದರೆ ರಾಜಯೋಗ. 8 ಇದ್ದರೂ ಎರಡು ಪುಟ್ಟ ಲಿನಕ್ಸ್ ಯಂತ್ರ ಓಡುತ್ತವೆ. ಒಂದೊಂದಕ್ಕೆ 2 ಜಿಬಿ ರ್ಯಾಮ್, 20 ಜಿಬಿ ಡಿಸ್ಕ್ ಕೊಡಿ, ಬಣ್ಣಬಣ್ಣದ ಪರದೆ ಬೇಡ, ಕಪ್ಪು ಟರ್ಮಿನಲ್ ಸಾಕು. ಹಳೆಯ ಹಾರ್ಡ್ ಡಿಸ್ಕ್ ಕಿತ್ತು ಎಸ್‌ಎಸ್‌ಡಿ ಹಾಕಿಸಿದರೆ ಅರ್ಧ ಗೋಳು ಮುಗಿಯಿತು. ಎಸ್‌ಪಿ ರಸ್ತೆ ಇರುವುದು ಯಾತಕ್ಕೆ? ಯಂತ್ರ ಏಳಲೇ ಇಲ್ಲವೆಂದರೆ ಬಯಾಸ್‌ಗೆ ಹೋಗಿ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಆನ್ ಆಗಿದೆಯೇ ನೋಡಿ. ಅದೊಂದು ಆಫ್ ಆಗಿರುವುದಕ್ಕೇ ಎಷ್ಟೋ ಹುಡುಗರು ‘ನನ್ನ ಲ್ಯಾಪ್‌ಟಾಪ್ ಲಾಯಕ್ಕಿಲ್ಲ’ ಎಂದು ಕೈಚೆಲ್ಲುತ್ತಾರೆ.

ಇನ್ನು ಕಲಿಯುವುದು ಹೇಗೆ? ರೆಡ್ ಹ್ಯಾಟ್ ಕಂಪನಿಯ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯನ್ನೇ ತಗೊಳ್ಳಿ. ಅದರಲ್ಲಿ ಎ, ಬಿ, ಸಿ, ಡಿ ಎಂದು ಗುರುತು ಹಾಕುವ ಆಟವಿಲ್ಲ. ಯಂತ್ರದ ಮುಂದೆ ಕೂರಿಸಿ ಕೆಲಸ ಹೇಳುತ್ತಾರೆ. ನೀವು ಮಾಡಿದ್ದೆಲ್ಲ ರೀಬೂಟ್ ಆದ ಮೇಲೂ ನಿಂತಿರಬೇಕು, ಇಲ್ಲದಿದ್ದರೆ ಅಂಕವಿಲ್ಲ. ಈ ಒಂದು ನಿಯಮದ ಮುಂದೆ ಉರು ಹೊಡೆದವನ ಬಂಡವಾಳ ಬಯಲಾಗುತ್ತದೆ.

ಅಭ್ಯಾಸಕ್ಕೆ ಬೇಕಾದ ರೆಡ್ ಹ್ಯಾಟ್ ಲಿನಕ್ಸನ್ನು ಕಂಪನಿಯೇ 2021ರಿಂದ ಒಬ್ಬ ವ್ಯಕ್ತಿಗೆ 16 ಯಂತ್ರಗಳವರೆಗೆ ಉಚಿತವಾಗಿ ಕೊಡುತ್ತಿದೆ. ಅದು ಬೇಡವೆಂದರೆ ಆಲ್ಮಾ ಇದೆ, ರಾಕಿ ಇದೆ. ಹಳೆಯ ಲ್ಯಾಪ್‌ಟಾಪಿನವರಿಗೆ ಒಂದು ಎಚ್ಚರಿಕೆ: 2025ರಲ್ಲಿ ಬಂದ ರೆಡ್ ಹ್ಯಾಟ್‌ನ 10ನೇ ಆವೃತ್ತಿ ಹಳೇ ಪ್ರೊಸೆಸರುಗಳ ಮೇಲೆ ಏಳುವುದಿಲ್ಲ. ಅಂಥವರಿಗಾಗಿ ಆಲ್ಮಾದವರು ಬೇರೆಯೇ ಒಂದು ಪ್ರತಿ ಇಟ್ಟಿದ್ದಾರೆ.

ಯಂತ್ರ ಎದ್ದಿತೇ? ಈಗ ಕೆಡಿಸಿ. ಹೌದು, ಬೇಕೆಂದೇ ಕೆಡಿಸಿ! ಎಫ್‌ಎಸ್‌ಟ್ಯಾಬ್ ಎಂಬ ಕಡತವಿದೆ. ಯಂತ್ರ ಏಳುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ ಅದು. ಒಂದು ಸಾಲಿನಲ್ಲಿ ಒಂದಕ್ಷರ ತಪ್ಪು ಮಾಡಿ ರೀಬೂಟ್ ಹೊಡೆಯಿರಿ. ಬಡಪಾಯಿ ಯಂತ್ರ ಇಲ್ಲದ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾದು, ಎಮರ್ಜೆನ್ಸಿ ಮೋಡಿಗೆ ಬಿದ್ದು, ರೂಟ್ ಪಾಸ್‌ವರ್ಡ್ ಕೇಳುತ್ತದೆ. ಅಲ್ಲಿಂದ ಅದನ್ನು ಎಬ್ಬಿಸಿ. ನಾಲ್ಕು ಸಲ ಹೀಗೆ ಬೆವರಿದವನು ಪರೀಕ್ಷೆಯಲ್ಲಿ ರೀಬೂಟ್ ಮಾಡುವ ಮೊದಲು ‘ಮೌಂಟ್ ಮೈನಸ್ ಎ’ ಹೊಡೆದು ನೋಡುವುದನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಆಮೇಲೆ ವೆಬ್ ಸರ್ವರನ್ನು ಅದರ ಮಾಮೂಲಿ ಪೋರ್ಟ್ ಬಿಟ್ಟು 82ರಲ್ಲಿ ಓಡಿಸಲು ನೋಡಿ. ಓಡುವುದಿಲ್ಲ. ಎಸ್‌ಇಲಿನಕ್ಸ್ ಎಂಬ ಕಾವಲುಗಾರ ತಡೆಯುತ್ತಾನೆ. ‘ಅದನ್ನು ಆಫ್ ಮಾಡಿಬಿಡು ಮಾರಾಯ’ ಎಂದು ಹೇಳಿಕೊಡುವ ಮಹಾಶಯರಿದ್ದಾರೆ. ಚಿಲಕ ಹಾಕಲು ಬಾರದವನು ಬಾಗಿಲನ್ನೇ ಕಿತ್ತು ಬಿಸಾಡಿದ ಹಾಗೆ! ಲಾಗ್ ಓದಿ, ಆ ಪೋರ್ಟಿಗೆ ಅನುಮತಿ ಕೊಡುವುದನ್ನು ಕಲಿಯಿರಿ.

ಯಂತ್ರದ ಆ ಹೊತ್ತಿನ ಸ್ಥಿತಿಯನ್ನು ಉಳಿಸಿಟ್ಟುಕೊಳ್ಳುವ ‘ಸ್ನ್ಯಾಪ್‌ಶಾಟ್’ ಸೌಲಭ್ಯವಿದೆ. ಕೆಟ್ಟರೆ ಒಂದು ಕ್ಲಿಕ್ಕಿಗೆ ಹಿಂದಕ್ಕೆ ಹೋಗಬಹುದು. ಒಳ್ಳೆಯದೇ. ಆದರೆ ಯಾಕೆ ಕೆಟ್ಟಿತೆಂದು ತಿಳಿಯದೆ ಹಿಂದಕ್ಕೆ ಓಡುವ ಚಟ ಹತ್ತಿದರೆ ಅದೂ ಡಂಪಿನ ತಮ್ಮನೇ.

ವಿಂಡೋಸ್ ದಾರಿ ಹಿಡಿಯುವವರಿಗೆ ವಿಂಡೋಸ್ ಸರ್ವರ್‌ನ 180 ದಿನಗಳ ಪುಕ್ಕಟೆ ಪ್ರತಿ ಸಿಗುತ್ತದೆ. ಸಿಸಿಎನ್‌ಎ ಓದುವವರಿಗೆ ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಉಂಟು. ಪಿಜಿಯಲ್ಲಿರುವವರಿಗೆ ಕಿವಿಮಾತು: ಡಿಎಚ್‌ಸಿಪಿ ಸರ್ವರ್ ಕಟ್ಟುವಾಗ ನೆಟ್‌ವರ್ಕನ್ನು ‘ಬ್ರಿಡ್ಜ್’ನಲ್ಲಿ ಇಡಬೇಡಿ, ‘ಇಂಟರ್ನಲ್’ನಲ್ಲಿಡಿ. ಇಲ್ಲದಿದ್ದರೆ ಇಡೀ ಪಿಜಿಯ ವೈಫೈಗೆ ನಿಮ್ಮ ಯಂತ್ರವೇ ತಪ್ಪು ವಿಳಾಸ ಹಂಚಿ, ಪಕ್ಕದ ರೂಮಿನವರು ಮ್ಯಾಚ್ ನಡುವೆ ಬಾಗಿಲು ಬಡಿಯುತ್ತಾರೆ.

ಭಾಷೆಯ ಮಾತಿಗೆ ಬರೋಣ. ಮಹಿಷಿ ವರದಿ ಬಂದದ್ದು 1986ರಲ್ಲಿ. 2024ರ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಕೆಲಸ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಉದ್ಯಮಿಗಳು ಕೂಗಿದೊಡನೆ ತಡೆಹಿಡಿಯಿತು. ಆ ಜಗಳ ಬೀದಿಯಲ್ಲಿ ನಡೆಯಲಿ, ಬಿಡುವ ಮಾತೇ ಇಲ್ಲ. ಆದರೆ ಇಂಟರ್‌ವ್ಯೂ ಕೋಣೆಗೆ ಹೋಗುವುದು ನೀವೊಬ್ಬರೇ. ಕನ್ನಡ ಮಾಧ್ಯಮದ ಹುಡುಗ ಅಲ್ಲಿ ಬೆವರುವುದು ಇಂಗ್ಲಿಷಿಗೆ ಹೆದರಿ ಎನ್ನುತ್ತಾರೆ. ನನಗೆ ಅದು ಅರ್ಧ ಸತ್ಯವೆನಿಸುತ್ತದೆ. ಹೇಳಲು ಸರಕಿಲ್ಲದಾಗ ಯಾವ ಭಾಷೆಯೂ ಕೈಕೊಡುತ್ತದೆ. ರಾತ್ರಿ ಎರಡು ಗಂಟೆಗೆ ಸತ್ತ ಯಂತ್ರವನ್ನು ಎಬ್ಬಿಸಿದವನು ಮುರುಕು ಇಂಗ್ಲಿಷಿನಲ್ಲೇ ಆ ಕಥೆ ಹೇಳಿದರೂ ಎದುರಿಗೆ ಕೂತವನು ಮುಂದಕ್ಕೆ ಬಾಗಿ ಕೇಳುತ್ತಾನೆ. ಕಮ್ಯಾಂಡು ಕೊಟ್ಟರೆ ಯಂತ್ರ ಕೆಲಸ ಮಾಡುತ್ತದೆಯೇ ಹೊರತು ನೀವು ಯಾವ ಶಾಲೆಯವರೆಂದು ವಿಚಾರಿಸುವುದಿಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲೇ ಇರುತ್ತದೆ, ನಿಜ. ಅದಕ್ಕೆ ಯಂತ್ರದೊಳಗಿನ ಮ್ಯಾನ್ ಪುಟಗಳನ್ನು ಓದುವ ರೂಢಿ ಬೇಕು. ನಿಮ್ಮ ನೋಟ್ಸು ಮಾತ್ರ ಕನ್ನಡದಲ್ಲೇ ಇರಲಿ: ಏನು ಕೆಟ್ಟಿತು, ಯಾಕೆ ಕೆಟ್ಟಿತು, ಹೇಗೆ ಸರಿಹೋಯಿತು.

ಲ್ಯಾಪ್‌ಟಾಪೇ ಇಲ್ಲದವನ ಪಾಡು? ಇದು ನಮ್ಮ ಸಂಘಗಳಿಗೆ ಕೇಳುವ ಪ್ರಶ್ನೆ. ನವೆಂಬರ್ ಬಂತೆಂದರೆ ಪೆಂಡಾಲು, ಆರ್ಕೆಸ್ಟ್ರಾ, ಆಳೆತ್ತರದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ನಾಡದೇವಿಗಿಂತ ಅಧ್ಯಕ್ಷರ ಮುಖವೇ ದೊಡ್ಡದು! ಆ ಖರ್ಚಿನಲ್ಲೊಂದು ಪಾಲು ತೆಗೆದು, ಕಂಪನಿಗಳು ಬಳಸಿ ಮಾರಿದ ಒಂದು ಡೆಸ್ಕ್‌ಟಾಪ್ ಕೊಂಡು, 32 ಜಿಬಿ ರ್ಯಾಮ್ ತುಂಬಿ, ಕೆವಿಎಂ ಹಾಕಿ ಸಂಘದ ಕೋಣೆಯಲ್ಲಿಡಿ. ಹತ್ತು ಹನ್ನೆರಡು ಹುಡುಗ ಹುಡುಗಿಯರಿಗೆ ತಲಾ ಒಂದೊಂದು ಲಿನಕ್ಸ್ ಯಂತ್ರ ಸಿಗುತ್ತದೆ. ಗುಜರಿಗೆ ಹಾಕಬೇಕಾದ ಲ್ಯಾಪ್‌ಟಾಪಿನಿಂದಲೂ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕು ಕೆಲಸ ಮಾಡಬಹುದು. ಭಾನುವಾರ ಬೆಳಿಗ್ಗೆ ಬಾಗಿಲು ತೆರೆಯಲು ಒಬ್ಬರು, ಕಲಿತವರಲ್ಲಿ ಹೇಳಿಕೊಡಲು ಒಬ್ಬರು ಸಿಕ್ಕರೆ ಆಯಿತು. ಜೊತೆಗೊಂದು ಯುಪಿಎಸ್ ತನ್ನಿ, ಕರೆಂಟು ಯಾವಾಗ ಕೈಕೊಡುತ್ತದೋ ಹೇಳಲಾಗದು.