ಅತಿಥಿ ಸತ್ಕಾರ: ಟ್ಯುನೀಷಿಯಾದ ನೆರೆಮನೆಯ ಚಹಾ

ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳುಹಬಾರದೆಂದು ಹಿರಿಯರು ನಮಗೆ ಕಲಿಸಿದ್ದಾರೆ. ಆದರೆ ಅನ್ಯರ ಮನೆಯಲ್ಲಿ ಪ್ರೀತಿಯಿಂದ ನೀಡಿದುದನ್ನು ಸ್ವೀಕರಿಸುವುದೂ ಸತ್ಕಾರದ ಇನ್ನೊಂದು ಮುಖವೆಂಬುದನ್ನು ನಾವು ಅರಿತುದು ಉತ್ತರ ಆಫ್ರಿಕದ ಟ್ಯುನೀಷಿಯಾದಲ್ಲಿ.

2018ರಲ್ಲಿ ಮಗನ ಉದ್ಯೋಗದ ನಿಮಿತ್ತ ರಾಜಧಾನಿ ಟ್ಯೂನಿಸ್‌ನಲ್ಲಿ ಕೆಲವು ತಿಂಗಳು ತಂಗಿದ್ದೆವು. ನೆರೆಮನೆಯ ವೃದ್ಧ ತಾಯಿಯನ್ನು ಓಣಿಯವರೆಲ್ಲ ‘ಖಾಲ್ತಿ’ ಎನ್ನುತ್ತಿದ್ದರು. ನಾವು ‘ಚಿಕ್ಕಮ್ಮ’ ಎಂದಂತೆ. ಒಂದು ಸಂಜೆ ಆಕೆ ಒಳಗೆ ಕರೆದು ಚಹಾಕ್ಕೆ ನೀರಿಟ್ಟಾಗ, “ನಿಮಗೇಕೆ ತೊಂದರೆ, ಇನ್ನೊಮ್ಮೆ ಬರುತ್ತೇವೆ” ಎಂದು ಹೊರಟುಬಿಟ್ಟೆವು. ಅದು ಸೌಜನ್ಯವೆಂದೇ ನಮ್ಮ ಎಣಿಕೆ. ಮರುದಿನ ಆಕೆಯ ಮುಖದಲ್ಲಿ ಎಂದಿನ ನಗೆಯಿರಲಿಲ್ಲ. ಅತ್ತೆಯ ಮನಸ್ಸು ನೊಂದಿದೆಯೆಂದು ಸೊಸೆ ತಿಳಿಸಿದಾಗ ನಾವು ನಾಚಿದೆವು. ಕ್ಷಮೆ ಬೇಡಲು ಭಾಷೆ ಬಾರದು. ಆ ನಾಡಿನ ಚಹಾ ಹಾಗೂ ಸಿಹಿಯನ್ನು ಕಲಿತು ಆಕೆಯನ್ನೇ ಮನೆಗೆ ಕರೆಯುವುದೆಂದು ನಿಶ್ಚಯಿಸಿದೆವು. ಸೊಸೆಯೇ ಗುರು, ಮಗ ದುಭಾಷಿ.

ಅಲ್ಲಿಯ ಚಹಾಕ್ಕೆ ಹಾಲಿಲ್ಲ. ಕಾಳುಮೆಣಸಿನಂತೆ ಉರುಟಾಗಿ ಸುರುಳಿಗೊಂಡ ಚೀನಾದ ಹಸಿರು ಚಹಾ 2 ಚಮಚ ತೆಗೆದುಕೊಂಡು, ಕುದಿನೀರಿನಲ್ಲಿ ಒಮ್ಮೆ ತೊಳೆದು ಆ ನೀರನ್ನು ಚೆಲ್ಲಬೇಕು, ಕಹಿ ತಗ್ಗುತ್ತದೆ. ಬಳಿಕ ಅರ್ಧ ಲೀಟರ್ ನೀರು, 5 ಚಮಚ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕುದಿಸಿ, ಕೊನೆಗೆ ಒಂದು ಹಿಡಿ ಪುದೀನ ಸೇರಿಸಬೇಕು. ಸಣ್ಣ ಗಾಜಿನ ಲೋಟಗಳಿಗೆ ಎತ್ತರದಿಂದ ಸುರಿದು, ಮೇಲೆ ಪೈನ್ ಮರದ ಬೀಜಗಳನ್ನು ತೇಲಿಬಿಡುತ್ತಾರೆ. ಇವು ನಮ್ಮ ಚಿಲ್ಗೋಜದ ಬಳಗದವು. ಟ್ಯೂನಿಸ್ ಸಮೀಪದ ಸಿದಿ ಬೂ ಸಯೀದ್ ಗ್ರಾಮ ಈ ಚಹಾಕ್ಕೆ ಹೆಸರಾಗಿದೆ.

ಸಿಹಿಗಳಲ್ಲಿ ಕೈರವಾನ್ ನಗರದ ‘ಮಕ್ರೂದ್’ ಪ್ರಸಿದ್ಧ. ಅರ್ಧ ಕಿಲೋ ಮಧ್ಯಮ ರವೆಗೆ ಚಿಟಿಕೆ ಉಪ್ಪು, 150 ಮಿಲಿಲೀಟರ್ ಎಣ್ಣೆ ಬೆರೆಸಿ ಒಂದು ಗಂಟೆ ಬಿಡಬೇಕು. ಅನಂತರ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸುತ್ತ, ಹೆಚ್ಚು ನಾದದೆ, ಮೃದುವಾಗಿ ಕೂಡಿಸಬೇಕು. 300 ಗ್ರಾಂ ಬೀಜರಹಿತ ಖರ್ಜೂರಕ್ಕೆ ದಾಲ್ಚಿನ್ನಿ ಪುಡಿ, ತುಸು ಕಿತ್ತಳೆ ಸಿಪ್ಪೆಯ ತುರಿ ಸೇರಿಸಿ ಅರೆದರೆ ಹೂರಣ ಸಿದ್ಧ. ಹಿಟ್ಟನ್ನು ಉದ್ದಕ್ಕೆ ಹೊಸೆದು, ನಡುವೆ ಹೂರಣವಿಟ್ಟು ಮುಚ್ಚಿ, ವಜ್ರಾಕಾರದಲ್ಲಿ ಕತ್ತರಿಸಿ, ಕರಿದು, ಜೇನು ಅಥವಾ ಸಕ್ಕರೆಯ ಪಾಕದಲ್ಲಿ ಅದ್ದಬೇಕು. ಇದಕ್ಕೆ ಮೊಟ್ಟೆ ಬೇಕಿಲ್ಲವಾದ್ದರಿಂದ ನಮ್ಮ ಮನೆಗಳಿಗೂ ಸಲ್ಲುತ್ತದೆ. ಕಡಲೆಹಿಟ್ಟು, ತುಪ್ಪ, ಸಕ್ಕರೆಯಿಂದ ಮಾಡಿ ಬೇಯಿಸುವ ‘ಘ್ರೈಬಾ’ ಎಂಬ ಬಿಲ್ಲೆಯಂತೂ ನಮ್ಮ ಬೇಸನ್ ಉಂಡೆಯ ನೆಂಟನೇ ಸರಿ.

ಹೋಳಿಗೆ ಮಾಡಿದ ಕೈಗೆ ಇದೇನು ಮಹಾ ಎಂದುಕೊಂಡ ನಾವು ಹಿಟ್ಟನ್ನು ನೆನೆಯಬಿಡಲಿಲ್ಲ. ಎಣ್ಣೆ ಕಾಯುವ ಮೊದಲೇ ಬಿಲ್ಲೆಗಳನ್ನು ಬಿಟ್ಟೆವು. ರವೆ ಒಡೆದು, ಹೂರಣ ಹೊರಬಿದ್ದು, ಬಾಣಲೆಯ ತಳದಲ್ಲಿ ಸೀದುಹೋಯಿತು. ಖಾಲ್ತಿ ಬರುವುದಕ್ಕೆ ಎರಡೇ ಗಂಟೆ ಉಳಿದಿತ್ತು. ಸೊಸೆ ನಗುತ್ತ ಹೇಳಿದಳು: “ಅಂದು ಚಹಾಕ್ಕೆ ಕೂಡಲು ನಿಮಗೆ ಸಮಯವಿರಲಿಲ್ಲ, ಇಂದು ಹಿಟ್ಟಿಗೂ ಸಮಯ ಕೊಡುತ್ತಿಲ್ಲ!” ಮರುಮಾತಿಲ್ಲದೆ ಮತ್ತೆ ರವೆ ಕಲಸಿದೆವು, ಒಂದು ಗಂಟೆ ಸುಮ್ಮನೆ ಕಾದೆವು.

ಖಾಲ್ತಿ ಬಂದರು. ನಮ್ಮ ಮಕ್ರೂದ್ ಸೊಟ್ಟಗಿದ್ದವು, ಪಾಕವೂ ತುಸು ಹೆಚ್ಚಾಗಿತ್ತು. ಆದರೂ ಒಂದನ್ನು ತಿಂದು, ಇನ್ನೊಂದಕ್ಕೆ ಕೈಚಾಚಿ, “ಯೈಶಿಕ್” ಎಂದರು. ಆ ನಾಡಿನಲ್ಲಿ ಕೃತಜ್ಞತೆ ಹೇಳುವ ಮಾತದು. ‘ದೇವರು ನಿಮಗೆ ಆಯುಷ್ಯ ಕೊಡಲಿ’ ಎಂಬ ಭಾವ ಅದರೊಳಗಿದೆ. ನಮ್ಮ ಅಜ್ಜಿಯರು ಹರಸುತ್ತಿದ್ದುದೂ ಹೀಗೆಯೇ ಅಲ್ಲವೆ? ಮಾತು ಬಾರದ ಇಬ್ಬರ ನಡುವಿನ ಮುನಿಸು ಅಲ್ಲಿಗೆ ಕರಗಿತು.

ಓದುಗ ತಾಯಂದಿರೇ, ಮಕ್ರೂದನ್ನು ಒಮ್ಮೆ ಮಾಡಿ ನೋಡಿರಿ. ಅದಕ್ಕಿಂತ ಮುಖ್ಯವಾಗಿ, ಯಾರಾದರೂ ಚಹಾಕ್ಕೆ ಕರೆದಾಗ ಕೈಗಡಿಯಾರ ನೋಡದೆ ಕುಳಿತುಕೊಳ್ಳಿರಿ. ಅವರು ನೀಡುವುದು ಕೇವಲ ಚಹಾವಲ್ಲ. ತಮ್ಮ ಆಯುಷ್ಯದ ಒಂದು ಘಳಿಗೆ.