ಕೈಗವಸು ಯಾರಿಗಾಗಿ?

ಆಸ್ಪತ್ರೆಯೊಂದರ ರಕ್ತಪರೀಕ್ಷೆಯ ಕೊಠಡಿಯ ಮುಂದೆ ಹತ್ತು ಮಂದಿ ಸಾಲಾಗಿ ಕುಳಿತಿರುವರೆಂದು ಭಾವಿಸೋಣ. ಒಬ್ಬರಿಗೆ ಸಕ್ಕರೆ ಕಾಯಿಲೆಯ ಶಂಕೆ, ಇನ್ನೊಬ್ಬರಿಗೆ ವಿಷಮಶೀತ ಜ್ವರದ ಭಯ, ಮತ್ತೊಬ್ಬರಿಗೆ ರಕ್ತಹೀನತೆ. ಒಂಬತ್ತು ಮಂದಿಯ ರಕ್ತವನ್ನು ಬರಿಗೈಯಲ್ಲಿ ತೆಗೆದ ತಂತ್ರಜ್ಞನು, ಹತ್ತನೆಯವನ ಚೀಟಿಯಲ್ಲಿ 'ಎಚ್.ಐ.ವಿ.' ಎಂಬ ಅಕ್ಷರಗಳನ್ನು ಕಂಡೊಡನೆ ಒಂದರ ಮೇಲೊಂದು ಕೈಗವಸು ತೊಡುತ್ತಾನೆ. ಅವನನ್ನು ದೂರ ಕುಳ್ಳಿರಿಸುತ್ತಾನೆ. ಚೀಟಿಯ ಮೇಲೆ ಕೆಂಪು ಶಾಯಿಯ ಗುರುತು ಹಾಕುತ್ತಾನೆ. ಹೊರಗೆ ಕುಳಿತವರೆಲ್ಲರಿಗೂ ಸಂಗತಿ ಅರ್ಥವಾಗಿಬಿಡುತ್ತದೆ.

ಈ ನಡತೆ ಸೌಜನ್ಯವಲ್ಲವೆಂದು ಎಲ್ಲರೂ ಒಪ್ಪುವರು. ಆದರೆ, "ಆತನೂ ತನ್ನ ಪ್ರಾಣವನ್ನು ಕಾಪಾಡಿಕೊಳ್ಳಬೇಡವೆ?" ಎಂದು ಕೇಳುವವರು ಬಹುಮಂದಿ. ನಮ್ಮ ಅಭಿಪ್ರಾಯ ಬೇರೆ. ಈ ನಡತೆಯಿಂದ ರೋಗಿಯ ಮಾನವೂ ಉಳಿಯದು, ತಂತ್ರಜ್ಞನ ಪ್ರಾಣಕ್ಕೂ ರಕ್ಷಣೆ ದೊರೆಯದು. ಇದು ಅಸಭ್ಯತೆ ಮಾತ್ರವಲ್ಲ, ಅವಿಜ್ಞಾನವೂ ಹೌದು.

ಕಾರಣವನ್ನು ಪರಿಶೀಲಿಸೋಣ. ಏಡ್ಸ್ ರೋಗಕ್ಕೆ ಮೂಲವಾದ ವೈರಸ್ 1983ರಲ್ಲಿ ಪತ್ತೆಯಾಯಿತು. ಅದನ್ನು ಗುರುತಿಸುವ ರಕ್ತಪರೀಕ್ಷೆ 1985ರಲ್ಲಿ ಬಳಕೆಗೆ ಬಂದಿತು. ವಾಡಿಕೆಯಲ್ಲಿರುವ ಅನೇಕ ಪರೀಕ್ಷೆಗಳು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹವು ತಯಾರಿಸುವ ಪ್ರತಿಕಾಯಗಳನ್ನು. ಇವು ಪರೀಕ್ಷೆಗೆ ಸಿಕ್ಕುವಷ್ಟು ಬೆಳೆಯಲು ಸಾಮಾನ್ಯವಾಗಿ 23ರಿಂದ 90 ದಿನಗಳು ಬೇಕು. ಈ ನಡುಗಾಲಕ್ಕೆ 'ಗವಾಕ್ಷಿ ಅವಧಿ' ಎಂದು ಹೆಸರು. ಆಗ ಪರೀಕ್ಷೆಯು 'ಇಲ್ಲ' ಎನ್ನಬಹುದು. ಆದರೆ ರಕ್ತದಲ್ಲಿ ವೈರಸ್ಸು ಹೇರಳವಾಗಿರುತ್ತದೆ. ಇನ್ನೊಂದು ಕಡೆ, ತನಗೆ ಸೋಂಕಿದೆಯೆಂದು ತಿಳಿದು ತಪ್ಪದೆ ಔಷಧ ಸೇವಿಸುವವನ ರಕ್ತದಲ್ಲಿ ವೈರಸ್ಸಿನ ಪ್ರಮಾಣ ಎಣಿಕೆಗೂ ಸಿಕ್ಕದಷ್ಟು ಇಳಿಯಬಲ್ಲುದು. ಹೀಗಿರಲು ಕೆಂಪು ಗುರುತು ತೋರಿಸುವುದು ಯಾರನ್ನು? ಹೆಚ್ಚು ಅಪಾಯವಿರುವವನು ಗುರುತಿಲ್ಲದೆ ಹೋಗಿ, ಕಡಮೆ ಅಪಾಯವಿರುವವನೇ ದೂರ ಕುಳಿತಿರಬಹುದಷ್ಟೆ.

ಅಪಾಯವೂ ಎಚ್.ಐ.ವಿ. ಒಂದರಿಂದಲೇ ಅಲ್ಲ. ಸೋಂಕಿನ ರಕ್ತವಿದ್ದ ಸೂಜಿ ಚುಚ್ಚಿದರೆ ಎಚ್.ಐ.ವಿ. ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವವಾದರೋ ನೂರಕ್ಕೆ 6ರಿಂದ 30! ಬರಿಗೈಯಲ್ಲಿ ಮುಗಿಸಿದ ಆ ಒಂಬತ್ತು ಮಂದಿಯಲ್ಲಿ ಯಾರಿಗೆ ಅದಿತ್ತೆಂದು ಬಲ್ಲವರಾರು?

ಈ ಕಾರಣದಿಂದಲೇ 1987ರಲ್ಲಿ ಅಮೆರಿಕದ ರೋಗನಿಯಂತ್ರಣ ಕೇಂದ್ರವು, ಎಲ್ಲರ ರಕ್ತವನ್ನೂ ಸೋಂಕುಳ್ಳದ್ದೆಂದೇ ಭಾವಿಸಿ ಎಚ್ಚರಿಕೆ ವಹಿಸಬೇಕೆಂದು ವಿಧಿಸಿತು. ಇದೇ 'ಸಾರ್ವತ್ರಿಕ ಮುನ್ನೆಚ್ಚರಿಕೆ'. ಪ್ರತಿಯೊಬ್ಬರಿಗೂ ಹೊಸ ಸೂಜಿ, ಪ್ರತಿಯೊಬ್ಬರಿಗೂ ಬೇರೆ ಕೈಗವಸು, ನಡುವೆ ಕೈತೊಳೆತ. ಕೈಗವಸು ರಕ್ತದ ಲೇಪವನ್ನು ತಡೆಯುತ್ತದೆಯೇ ಹೊರತು ಸೂಜಿಯ ಮೊನೆಯನ್ನಲ್ಲ. ಆದುದರಿಂದ ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗದೆ, ಅದನ್ನು ಒಡನೆಯೇ ಚುಚ್ಚಿ ತೂರದಂಥ ಬಿಳಿಯ ಡಬ್ಬಿಗೆ ಹಾಕಬೇಕು. ಇಷ್ಟಾಗಿಯೂ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು, ಕೂಡಲೇ ವೈದ್ಯರಿಗೆ ತಿಳಿಸಬೇಕು. ಆದಷ್ಟು ಬೇಗ, ತಡವೆಂದರೆ 72 ಗಂಟೆಗಳೊಳಗೆ, ಔಷಧ ಆರಂಭಿಸಿ 28 ದಿನ ಸೇವಿಸಿದರೆ ಸೋಂಕನ್ನು ಬಹುಮಟ್ಟಿಗೆ ತಡೆಗಟ್ಟಬಹುದು.

ಈಗ ರೋಗಿಯ ಕಡೆ ತಿರುಗೋಣ. ನಮ್ಮ ದೇಶದಲ್ಲಿ ಈ ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಇಂದಿನ ಚೆನ್ನೈ ನಗರದಲ್ಲಿ. ಆಗ ಇದಕ್ಕೆ ಔಷಧವಿರಲಿಲ್ಲ. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತವಾಗಿ ದೊರೆಯುತ್ತವೆ. ಆದರೆ ಕೊಠಡಿಯ ಮುಂದೆ ಒಮ್ಮೆ ಅವಮಾನಗೊಂಡವನು ಫಲಿತಾಂಶ ಕೇಳಲು ಮರಳಿ ಬರುವನೆ? ಬಾರದಿದ್ದರೆ ಔಷಧವೂ ಇಲ್ಲ, ಸೋಂಕಿಗೆ ತಡೆಯೂ ಇಲ್ಲ. ಇದರ ನಷ್ಟ ಅವನೊಬ್ಬನದಲ್ಲ, ಇಡೀ ಸಮಾಜದ್ದು. ಮೊದಲ ಪರೀಕ್ಷೆಯಲ್ಲಿ ಪ್ರತಿಕ್ರಿಯೆ ಕಂಡಿತೆಂದರೆ ಸೋಂಕು ಖಚಿತವಾಯಿತೆಂದೂ ಅಲ್ಲ. ನಮ್ಮಲ್ಲಿ ಮೂರು ಬೇರೆ ಬೇರೆ ಪರೀಕ್ಷೆಗಳ ಬಳಿಕವೇ ಅದನ್ನು ಖಚಿತಪಡಿಸುವುದು ಕ್ರಮ. ಅದಕ್ಕೆ ಮೊದಲೇ ಬಾಯಿಬಿಡುವ ಸಿಬ್ಬಂದಿಯು ಸುಳ್ಳನ್ನೇ ಸಾರಿದಂತಾಗಬಹುದು.

2017ರಲ್ಲಿ ಸಂಸತ್ತು ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ ಈ ಎರಡು ಪಕ್ಷಗಳನ್ನೂ ಮರೆತಿಲ್ಲ. ತಿಳಿವಳಿಕೆಯುಳ್ಳ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಕೂಡದು, ಫಲಿತಾಂಶವನ್ನು ಗುಟ್ಟಾಗಿಡಬೇಕು, ಚಿಕಿತ್ಸೆ ನೀಡಲು ಈ ಪರೀಕ್ಷೆಯನ್ನು ಷರತ್ತಾಗಿಸಕೂಡದು ಎನ್ನುವ ಅದೇ ಕಾಯಿದೆಯು, ಸಿಬ್ಬಂದಿಗೆ ಸಾರ್ವತ್ರಿಕ ಮುನ್ನೆಚ್ಚರಿಕೆಯ ಸಾಮಗ್ರಿ, ತರಬೇತಿ ಮತ್ತು ಸೂಜಿ ಚುಚ್ಚಿದಾಗಿನ ಔಷಧಗಳನ್ನು ಒದಗಿಸುವುದು ಸಂಸ್ಥೆಯ ಹೊಣೆಯೆಂದೂ ವಿಧಿಸಿದೆ.

ಇಲ್ಲಿ ತಂತ್ರಜ್ಞನೊಬ್ಬನನ್ನೇ ದೂರುವುದು ನ್ಯಾಯವಲ್ಲ. ನೂರು ಮಂದಿಯ ರಕ್ತ ತೆಗೆಯಬೇಕಾದವನ ಕೈಗೆ ಹತ್ತು ಜೊತೆ ಕೈಗವಸು ಕೊಟ್ಟರೆ, ಅವನು ಅವನ್ನು ಅನುಮಾನಕ್ಕೆ ತಕ್ಕಂತೆ ಹಂಚುವುದು ಸಹಜವೇ. ಕೈಗವಸಿನ ವೆಚ್ಚವನ್ನು ಉಳಿತಾಯವೆಂದು ಎಣಿಸುವ ಆಡಳಿತವೇ ಮೊದಲ ಅಪರಾಧಿ.

ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ವೈದ್ಯರೂ ದಾದಿಯರೂ ತಂತ್ರಜ್ಞರೂ ಆಗುವಿರಿ. ಎಲ್ಲರೂ ಒಂದಲ್ಲ ಒಂದು ದಿನ ಆ ಸಾಲಿನಲ್ಲಿ ಕುಳಿತು ತೋಳು ಚಾಚುವಿರಿ. ಆ ದಿನ ನಿಮ್ಮ ಮುಂದಿನವರಿಗೂ ನಿಮಗೂ ನಿಮ್ಮ ಹಿಂದಿನವರಿಗೂ ಒಂದೇ ಬಗೆಯ ಕೈಗವಸು ಇದೆಯೆ ಎಂದು ನೋಡಿರಿ. ಇಲ್ಲದಿದ್ದರೆ ವಿನಯದಿಂದಲೇ ಕೇಳಿರಿ. ಎಲ್ಲರಿಗೂ ತೊಟ್ಟ ಕೈಗವಸು ರಕ್ಷಣೆ; ಒಬ್ಬನಿಗಾಗಿ ಮಾತ್ರ ತೊಟ್ಟ ಕೈಗವಸು ಬರಿಯ ಕಳಂಕ.