ಆಪದ್ಧನಕ್ಕೂ ಆಸರೆ ಬೇಕು



ಕಾಸಿಗೆ ಕಾಸು ಕೂಡಿಸಿ ಒಡವೆ ಮಾಡಿಸುವ ಮನೆಗಳು ನಮ್ಮವು. ರಾಗಿ ಮಾರಿದ ದುಡ್ಡಿನಲ್ಲಿ ಒಂದು ಜೊತೆ ಓಲೆ, ಅಡಿಕೆಗೆ ಒಳ್ಳೆ ಧಾರಣೆ ಬಂದ ವರ್ಷ ಒಂದೆಳೆ ಸರ, ಚೀಟಿ ಎತ್ತಿದಾಗ ಎರಡು ಬಳೆ. ಹೀಗೆ ವರ್ಷಗಟ್ಟಲೆ ಕೂಡಿದ ಚಿನ್ನ ಮಳೆ ಕೈಕೊಟ್ಟಾಗ, ಆಸ್ಪತ್ರೆಯ ಬಿಲ್ಲು ಬಂದಾಗ, ಮಕ್ಕಳ ಕಾಲೇಜು ಫೀಸು ಕಟ್ಟಬೇಕಾದಾಗ ಅಡವಿಡಲು ಒದಗುತ್ತದೆ. ಹಿರಿಯರು ಇದನ್ನು ಆಪದ್ಧನವೆಂದೇ ಎಣಿಸಿದ್ದರು. ಆದರೆ ಆ ಆಪದ್ಧನಕ್ಕೇ ಆಪತ್ತು ಬಂದರೆ ಗತಿಯೇನು ಎಂದು ನಾವು ಯೋಚಿಸಿದ್ದು ಕಡಿಮೆ. ಲಕ್ಷ ರೂಪಾಯಿಯ ಸ್ಕೂಟರಿಗೆ ವರ್ಷ ವರ್ಷ ವಿಮೆ ಕಟ್ಟುವ ಎಷ್ಟೋ ಮನೆಗಳಲ್ಲಿ ಹತ್ತು ಲಕ್ಷದ ಒಡವೆಗೆ ವಿಮೆಯಿಲ್ಲ. ವಿಮೆ ಹಾಗಿರಲಿ, ಮನೆಯಲ್ಲಿ ಏನೇನಿದೆ, ಎಷ್ಟು ಗ್ರಾಂ ಇದೆ ಎಂದು ಬರೆದಿಟ್ಟ ಒಂದು ಹಾಳೆಯೂ ಇರುವುದಿಲ್ಲ. ನಿಮ್ಮ ಒಡವೆಯ ಪಟ್ಟಿ ಮಾಡಿ, ಬೆಲೆ ಕಟ್ಟಿಸಿ, ವಿಮೆ ಮಾಡಿಸಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ಮನವಿ.

‘ಬ್ಯಾಂಕಿನಲ್ಲಿದೆ, ಭಯವಿಲ್ಲ’ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಈಚಿನ ಘಟನೆಗಳನ್ನು ನೋಡಿ. 2024ರ ಅಕ್ಟೋಬರಿನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿಯ ಬ್ಯಾಂಕ್ ಶಾಖೆಗೆ ನುಗ್ಗಿದ ಕಳ್ಳರು 17 ಕಿಲೋಗೂ ಹೆಚ್ಚು ಚಿನ್ನ ಹೊತ್ತೊಯ್ದರು; ತಿಂಗಳುಗಟ್ಟಲೆ ಬೆನ್ನಟ್ಟಿದ ಪೊಲೀಸರು ಅದರ ಬಹುಪಾಲನ್ನು ತಮಿಳುನಾಡಿನ ಬಾವಿಯೊಂದರಿಂದ ಮೇಲೆತ್ತಬೇಕಾಯಿತು. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಶಾಖೆಯಿಂದ ಸುಮಾರು 59 ಕಿಲೋ ಚಿನ್ನ ಕಳುವಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದೇ ಜಿಲ್ಲೆಯ ಚಡಚಣದಲ್ಲಿ ಮುಸುಕುಧಾರಿಗಳು ಸಿಬ್ಬಂದಿಯನ್ನು ಕಟ್ಟಿಹಾಕಿ ಬ್ಯಾಂಕು ದೋಚಿದರು. ಇಲ್ಲೆಲ್ಲ ಹೋದದ್ದು ಬಹುಪಾಲು ಜನ ಸಾಲಕ್ಕೆ ಅಡವಿಟ್ಟ ಒಡವೆ. ಅಡವಿನ ಒಡವೆಗೆ ಒಂದು ಬಲವಿದೆ: ಬ್ಯಾಂಕು ಅದನ್ನು ತೂಗಿ, ಪರೀಕ್ಷಿಸಿ, ಬರೆದುಕೊಂಡಿರುತ್ತದೆ. ತೂಕ ದಾಖಲೆಯಲ್ಲಿರುವುದರಿಂದ ಗ್ರಾಹಕರು ಎದೆಯುಬ್ಬಿಸಿ ಪರಿಹಾರ ಕೇಳಬಹುದು. ಲಾಕರಿನಲ್ಲಿ ನಾವೇ ಇಟ್ಟ ಒಡವೆಗೆ ಆ ಬಲವೂ ಇಲ್ಲ. ಒಳಗೆ ಏನಿದೆಯೆಂದು ಬ್ಯಾಂಕು ನೋಡುವುದೂ ಇಲ್ಲ, ಬರೆದುಕೊಳ್ಳುವುದೂ ಇಲ್ಲ.

ಲಾಕರಿನ ನಿಯಮವನ್ನು ಒಮ್ಮೆ ಸರಿಯಾಗಿ ತಿಳಿಯೋಣ. ಲಾಕರಿನ ವಿಷಯದಲ್ಲಿ ಬ್ಯಾಂಕುಗಳು ಕೈತೊಳೆದುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಿತು. ಅದರ ಸೂಚನೆಯಂತೆ ರಿಸರ್ವ್ ಬ್ಯಾಂಕ್ ಅದೇ ವರ್ಷದ ಆಗಸ್ಟಿನಲ್ಲಿ ಹೊಸ ನಿಯಮ ಹೊರಡಿಸಿತು. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇವುಗಳಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿನಷ್ಟು. ಬಾಡಿಗೆ 3,000 ರೂಪಾಯಿ ಇದ್ದರೆ 3 ಲಕ್ಷ. 2025ರ ಏಪ್ರಿಲಿನಲ್ಲೇ 10 ಗ್ರಾಂ ಅಪರಂಜಿಯ ಬೆಲೆ ಲಕ್ಷ ಮುಟ್ಟಿತ್ತು. ಆ ಲೆಕ್ಕದಲ್ಲಿ ಈ 3 ಲಕ್ಷಕ್ಕೆ ಬರುವುದು 30 ಗ್ರಾಂ. ಅದರಾಚೆ ನೀವಿಟ್ಟದ್ದೆಲ್ಲ ನಿಮ್ಮದೇ ಹೊಣೆ. ಪ್ರವಾಹ, ಭೂಕಂಪ, ಸಿಡಿಲಿನಂಥ ಪ್ರಕೃತಿ ವಿಕೋಪವಾದರೆ, ಬ್ಯಾಂಕಿನ ಅಲಕ್ಷ್ಯ ಇಲ್ಲದಿದ್ದ ಪಕ್ಷದಲ್ಲಿ, ಅದೂ ಇಲ್ಲ. ಲಾಕರಿನಲ್ಲಿರುವ ವಸ್ತುಗಳಿಗೆ ಬ್ಯಾಂಕು ತಾನಾಗಿ ವಿಮೆ ಮಾರುವಂತೆಯೂ ಇಲ್ಲ. ಆ ಕೆಲಸವನ್ನು ನಾವೇ ಮಾಡಿಕೊಳ್ಳಬೇಕು. ಲಾಕರ್ ಬೇಡವೆಂದು ನಾನು ಹೇಳುತ್ತಿಲ್ಲ, ಮನೆಯ ಬೀರುವಿಗಿಂತ ಅದು ಸಾವಿರ ಪಾಲು ಮೇಲು. ಆದರೆ ಅದು ಕೊಡುವುದು ಕಾವಲು ಮಾತ್ರ. ಕಾವಲು ತಪ್ಪಿದಾಗ ನಷ್ಟ ತುಂಬಿಕೊಡಲು ವಿಮೆಯೇ ಬೇಕು.

ಮನೆಯಲ್ಲಿಟ್ಟ ಒಡವೆಯ ಸ್ಥಿತಿ ಇನ್ನೂ ಕಷ್ಟ. ಮದುವೆಗೆಂದು ಲಾಕರಿನಿಂದ ತಂದದ್ದು ವಾರಗಟ್ಟಲೆ ಬೀರುವಿನಲ್ಲೇ ಉಳಿಯುತ್ತದೆ, ಊರ ಜಾತ್ರೆಗೆ ಹೊರಟಾಗ ಬಸ್ಸಿನಲ್ಲಿ ಬ್ಯಾಗಿನೊಳಗೆ ಹೋಗುತ್ತದೆ. ಕಳುವಾದರೆ ಠಾಣೆಯಲ್ಲಿ ಕೇಳುವ ಮೊದಲ ಪ್ರಶ್ನೆಯೇ ‘ಏನೇನು ಹೋಯಿತು, ತೂಕ ಎಷ್ಟು?’ ಎಂಬುದು. ಗಾಬರಿಯಲ್ಲಿ ಅಂದಾಜಿನ ಉತ್ತರ ಕೊಡುತ್ತೇವೆ, ಅದೇ ಎಫ್‌ಐಆರ್‌ಗೆ ಇಳಿಯುತ್ತದೆ. ಪತ್ತೆಯಾಗದ ಪ್ರಕರಣ ಕೊನೆಗೆ ‘ಸಿ ರಿಪೋರ್ಟ್’ ಆಗಿ ಮುಗಿಯುತ್ತದೆ. ಕಳ್ಳ ಸಿಕ್ಕಿ ಮಾಲು ವಶವಾದರೂ, ಅದು ನಮ್ಮದೇ ಎಂದು ತೋರಿಸಿ ಕೋರ್ಟಿನಿಂದ ಬಿಡಿಸಿಕೊಳ್ಳಲು ಪುರಾವೆ ಬೇಕು. ಇನ್ನು ನೆರೆ, ಭೂಕುಸಿತ: 2018ರಲ್ಲಿ ಕೊಡಗಿನಲ್ಲಿ ಗುಡ್ಡ ಜರಿದು ಮನೆಗಳೇ ಮಣ್ಣುಪಾಲಾದವು, 2019ರಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳ ನೀರು ಬೆಳಗಾವಿ, ಬಾಗಲಕೋಟೆಯ ಊರೂರಿಗೆ ನುಗ್ಗಿತು. ಸರ್ಕಾರದ ನೆರೆ ಪರಿಹಾರದಲ್ಲಿ ಮನೆಗೆ, ಬೆಳೆಗೆ, ಬಟ್ಟೆ-ಪಾತ್ರೆಗೆ ಲೆಕ್ಕವುಂಟು. ಕೊಚ್ಚಿಹೋದ ಒಡವೆಗೆ ಇಲ್ಲ.

ಹಾಗಾದರೆ ಯಾವ ವಿಮೆ ಮಾಡಿಸಬೇಕು? 2021ರ ಏಪ್ರಿಲ್‌ನಿಂದ ದೇಶದಲ್ಲಿ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಮನೆ ವಿಮೆ ಬಂದಿದೆ. ಬೆಂಕಿ, ಸಿಡಿಲು, ಪ್ರವಾಹ, ಭೂಕುಸಿತ, ಭೂಕಂಪದಿಂದ ಮನೆಗೂ ಮನೆಯ ಸಾಮಾನಿಗೂ ಆಗುವ ನಷ್ಟವನ್ನು ಅದು ಭರಿಸುತ್ತದೆ. ಇಲ್ಲಿ ಎರಡು ಎಚ್ಚರಿಕೆ ಬೇಕು. ಒಡವೆ, ಬೆಳ್ಳಿ ಸಾಮಾನು, ಕಲಾಕೃತಿಗಳು ಸಾಮಾನ್ಯ ಸಾಮಾನಿನ ಲೆಕ್ಕಕ್ಕೆ ಬರುವುದಿಲ್ಲ. ಬೆಲೆಬಾಳುವ ವಸ್ತುಗಳಿಗೆಂದೇ ಇರುವ ಹೆಚ್ಚುವರಿ ರಕ್ಷಣೆಯನ್ನು ಕೇಳಿ ಪಡೆಯಬೇಕು. ಒಟ್ಟು ಮೊತ್ತ 5 ಲಕ್ಷ ಮತ್ತು ಒಂದೊಂದು ವಸ್ತುವಿನ ಬೆಲೆ 1 ಲಕ್ಷ ಮೀರದಿದ್ದರೆ ಅದಕ್ಕೆ ಮೌಲ್ಯಮಾಪನ ಪತ್ರವೂ ಬೇಕಿಲ್ಲ. ಎರಡನೆಯದಾಗಿ, ಈ ಪಾಲಿಸಿಯ ಮೂಲ ರೂಪದಲ್ಲಿ ಬೀಗ ಮುರಿದು ಮಾಡುವ ಮಾಮೂಲಿ ಕಳ್ಳತನ ಸೇರಿಲ್ಲ; ಬೆಂಕಿ, ನೆರೆಯಂಥ ಅನಾಹುತವಾಗಿ ಏಳು ದಿನದೊಳಗೆ, ಅದರಿಂದಾಗಿಯೇ ನಡೆದ ಕಳವು ಮಾತ್ರ ಸೇರಿದೆ. ಕನ್ನಗಳ್ಳತನಕ್ಕೆ ಗೃಹಸ್ಥರ ಪ್ಯಾಕೇಜ್ ಪಾಲಿಸಿ ಬೇಕು. ಮೈಮೇಲಿದ್ದಾಗ, ಪ್ರಯಾಣದಲ್ಲಿ, ಲಾಕರಿನಲ್ಲಿ ಎಲ್ಲೆಡೆಯೂ ರಕ್ಷಣೆ ಬೇಕಿದ್ದರೆ ಅದರೊಳಗಿನ ‘ಆಲ್ ರಿಸ್ಕ್’ ವಿಭಾಗದಲ್ಲಿ ಒಂದೊಂದು ಒಡವೆಯನ್ನೂ ಹೆಸರಿಸಿ ಸೇರಿಸಬೇಕು. ಲಾಕರಿನಲ್ಲಿರುವುದೂ ಸೇರುತ್ತದೆಯೇ ಎಂಬುದನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಯಾವ ಪಾಲಿಸಿಯಾದರೂ ಅದರ ಬುನಾದಿ ಪಟ್ಟಿಯೇ. ಪಟ್ಟಿ ಮಾಡಲು ಕಾಸೂ ಖರ್ಚಿಲ್ಲ. ‘ಹಳೇ ಸರ ಒಂದು’ ಎಂದು ಬರೆದರೆ ಅದು ಯಾವ ಕೆಲಸಕ್ಕೂ ಬಾರದು. ‘ಅವಲಕ್ಕಿ ಸರ, ಎರಡೆಳೆ, 22 ಕ್ಯಾರೆಟ್, ಒಟ್ಟು ತೂಕ 41 ಗ್ರಾಂ, ಕಲ್ಲಿನ ತೂಕ 1 ಗ್ರಾಂ, ನಿವ್ವಳ 40 ಗ್ರಾಂ, ಪದಕದಲ್ಲಿ ಐದು ಕೆಂಪು, ಕೊಂಡಿಯ ಹತ್ತಿರ ಬೆಸುಗೆ ಹಾಕಿದ ಗುರುತು’ ಎಂದು ಬರೆದರೆ ಪೊಲೀಸರಿಗೂ ವಿಮೆಯ ಸರ್ವೇಯರಿಗೂ ಒಡವೆ ಕಣ್ಣಿಗೆ ಕಟ್ಟುತ್ತದೆ. ಹಿಂದೆ ಮುಂದೆ ಫೋಟೊ ತೆಗೆಯಿರಿ. ಹಾಲ್‌ಮಾರ್ಕ್ ಇರುವ ಜಾಗವನ್ನು ಹತ್ತಿರದಿಂದ ತೆಗೆಯಿರಿ. 2023ರ ಏಪ್ರಿಲ್ 1ರಿಂದ ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ-ಅಂಕಿ ಬೆರೆತ ಆರು ಸ್ಥಾನದ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ, ಇರಲೇಬೇಕು. ಪ್ರತಿ ಒಡವೆಗೂ ಅದು ಬೇರೆ ಬೇರೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ಪರಿಶೀಲಿಸಬಹುದು. ಆ ಸಂಖ್ಯೆಯನ್ನೂ ಪಟ್ಟಿಗೆ ಸೇರಿಸಿ. ಅಜ್ಜಿಯ ಕಾಲದ ಕಾಸಿನ ಸರಕ್ಕೋ ಬುಗುಡಿಗೋ ಬಿಲ್ಲಿಲ್ಲವಲ್ಲ ಎಂದು ಕೈಬಿಡಬೇಡಿ. ಸರ್ಕಾರದ ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ತೂಕ, ಶುದ್ಧತೆ, ಬೆಲೆ ಬರೆಸಿದ ಪ್ರಮಾಣಪತ್ರ ಬಿಲ್ಲಿನ ಕೊರತೆಯನ್ನು ತುಂಬುತ್ತದೆ. ಪಟ್ಟಿಯ ಒಂದು ಪ್ರತಿ ಮನೆಯಿಂದಾಚೆ, ನಂಬಿಕಸ್ಥರ ಬಳಿ ಇರಲಿ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಕಟ್ಟಿದ ಪ್ರೀಮಿಯಂ ವಾಪಸ್ ಬರುವುದಿಲ್ಲವಲ್ಲ ಎನ್ನುತ್ತಾರೆ. ನಿಜ, ಬರುವುದಿಲ್ಲ. ಆದರೆ ಅಂಗಡಿಯಲ್ಲಿ ವೇಸ್ಟೇಜು, ಮಜೂರಿ ಎಂದು ತೆರುವ ದುಡ್ಡೂ ಮಾರುವಾಗ ವಾಪಸ್ ಬರುವುದಿಲ್ಲ. ಅದನ್ನು ಕೊಡಲು ನಾವು ಹಿಂದೆ ಮುಂದೆ ನೋಡುವುದಿಲ್ಲ. ಎರಡು ಮೂರು ಕಂಪನಿಗಳಲ್ಲಿ ದರ ಕೇಳಿ, ತೂಗಿ ನೋಡಿ, ನಂತರ ತೀರ್ಮಾನಿಸಿ. ಬರೆದುಕೊಟ್ಟರೆ ಆದಾಯ ತೆರಿಗೆಯವರು ಬರುತ್ತಾರೆ ಎಂಬ ಭಯ ಇನ್ನೊಂದು. ಲೆಕ್ಕವಿರುವ ಆದಾಯದಿಂದ ಕೊಂಡ, ಹಿರಿಯರಿಂದ ಬಂದ ಒಡವೆಯನ್ನು ಎಷ್ಟು ಇಟ್ಟುಕೊಂಡರೂ ತಪ್ಪಿಲ್ಲವೆಂದು ತೆರಿಗೆ ಮಂಡಳಿ 2016ರಲ್ಲೇ ಸ್ಪಷ್ಟಪಡಿಸಿದೆ. ತಪಾಸಣೆ ನಡೆದರೂ ವಿವಾಹಿತೆಯ 500 ಗ್ರಾಂ, ಅವಿವಾಹಿತೆಯ 250 ಗ್ರಾಂ, ಪುರುಷರ 100 ಗ್ರಾಂವರೆಗಿನ ಒಡವೆಯನ್ನು ಜಪ್ತಿ ಮಾಡಬಾರದೆಂಬ ಸೂಚನೆ 1994ರಿಂದಲೇ ಇದೆ. ನ್ಯಾಯವಾಗಿ ದುಡಿದು ಕೂಡಿಸಿದವರು ತಮ್ಮ ಒಡವೆಯನ್ನು ತಾವೇ ಬಚ್ಚಿಡಬೇಕಾಗಿಲ್ಲ.

ವಿಮೆ ಕಂಪನಿಗಳು ನೆಪ ಹೇಳಿ ಸತಾಯಿಸುತ್ತವೆ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಅದರಲ್ಲಿ ಸತ್ಯವಿದೆ, ಹಾಗಾಗಿಯೇ ಷರತ್ತುಗಳನ್ನು ಮೊದಲೇ ಓದಬೇಕು. ಬಾಗಿಲು ಮುರಿದ ಗುರುತಿಲ್ಲದ ಕಳವು, ಮನೆಯವರೋ ಕೆಲಸದವರೋ ಶಾಮೀಲಾದ ಕಳವು, ಎಲ್ಲಿ ಹೋಯಿತೆಂದೇ ತಿಳಿಯದ ನಷ್ಟ, ಹೆಚ್ಚು ದಿನ ಬೀಗ ಹಾಕಿದ್ದ ಮನೆ, ಖಾಲಿ ಕಾರಿನಲ್ಲಿ ಬಿಟ್ಟ ಒಡವೆ ಇವುಗಳಿಗೆ ಅನೇಕ ಪಾಲಿಸಿಗಳಲ್ಲಿ ಪರಿಹಾರವಿಲ್ಲ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸುವುದೂ ನಷ್ಟವೇ. 20 ಲಕ್ಷದ ಒಡವೆಗೆ 10 ಲಕ್ಷದ ವಿಮೆ ಮಾಡಿಸಿ 4 ಲಕ್ಷದ್ದು ಕಳೆದರೆ, ಸರಾಸರಿ ನಿಯಮವಿರುವ, ಅಂದರೆ ಒಡವೆಯ ಬೆಲೆಯಲ್ಲಿ ಎಷ್ಟು ಪಾಲಿಗೆ ವಿಮೆಯಿದೆಯೋ ನಷ್ಟದಲ್ಲೂ ಅಷ್ಟೇ ಪಾಲು ಕೊಡುವ ಪಾಲಿಸಿಯಲ್ಲಿ ಸಿಗುವುದು 2 ಲಕ್ಷ ಮಾತ್ರ. 2020ರ ಆರಂಭದಲ್ಲಿ 10 ಗ್ರಾಂಗೆ 40 ಸಾವಿರದ ಆಸುಪಾಸಿನಲ್ಲಿದ್ದ ಚಿನ್ನ ಐದೇ ವರ್ಷದಲ್ಲಿ ಲಕ್ಷ ದಾಟಿರುವಾಗ ಪ್ರತಿ ನವೀಕರಣಕ್ಕೂ ಬೆಲೆ ತಿದ್ದಿಸಲೇಬೇಕು. ಇಷ್ಟಾದರೂ ಅನ್ಯಾಯವಾದರೆ, ಕಂಪನಿಗೆ ಲಿಖಿತ ದೂರು ಕೊಟ್ಟು, ಫಲವಿಲ್ಲದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. 50 ಲಕ್ಷದವರೆಗಿನ ವಿವಾದವನ್ನು ಅಲ್ಲಿ ಶುಲ್ಕವಿಲ್ಲದೆ, ವಕೀಲರಿಲ್ಲದೆ ಬಗೆಹರಿಸುತ್ತಾರೆ. ಕಂಪನಿಗಳ ಮೇಲಿನ ಅಪನಂಬಿಕೆ ನಮ್ಮನ್ನು ಎಚ್ಚರದ ಗಿರಾಕಿಗಳನ್ನಾಗಿ ಮಾಡಬೇಕೇ ಹೊರತು ಬರಿಗೈಯಲ್ಲಿ ಕೂರಿಸಬಾರದು.

ತವರಿನವರು ಕೊಟ್ಟದ್ದಕ್ಕೆ ಬೆಲೆ ಕಟ್ಟಲಾದೀತೇ ಎಂದು ಕೇಳುವವರಿಗೆ ಒಂದು ಮಾತು. ತಾಯಿ ಹಾಕಿಕೊಂಡಿದ್ದ ಬಳೆಯನ್ನು ಯಾವ ಕಂಪನಿಯೂ ತಂದುಕೊಡಲಾರದು. ಆದರೆ ಆ ಬಳೆಯನ್ನು ತಾಯಿ ಮಗಳಿಗೆ ಕೊಟ್ಟದ್ದು ನೆನಪಿಗಾಗಿ ಮಾತ್ರವಲ್ಲ, ಕಷ್ಟಕ್ಕೆ ಒದಗಲಿ ಎಂದೂ ಹೌದು. ಆ ಎರಡನೆಯ ಉದ್ದೇಶವನ್ನಾದರೂ ವಿಮೆ ಉಳಿಸಿಕೊಡುತ್ತದೆ. ಸ್ತ್ರೀಧನ ಹೆಣ್ಣಿನ ಸಂಪೂರ್ಣ ಸ್ವತ್ತು ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಮತ್ತೊಮ್ಮೆ ಸಾರಿದೆ. ಹೊಲ, ಮನೆ ಗಂಡಸರ ಹೆಸರಿನಲ್ಲಿರುವ ಎಷ್ಟೋ ಕುಟುಂಬಗಳಲ್ಲಿ ಹೆಣ್ಣುಮಗಳ ಪಾಲಿಗೆ ತನ್ನದೆಂದು ಹೇಳಿಕೊಳ್ಳಲು ಇರುವುದು ಒಡವೆಯೊಂದೇ. ಆದ್ದರಿಂದ ಪಟ್ಟಿಯಲ್ಲಿ ಯಾವುದು ಯಾರದೆಂದು ಬರೆಯಿರಿ, ಪಾಲಿಸಿಯಲ್ಲಿ ಅವರ ಹೆಸರೂ ಇರಲಿ.

ಸ್ತ್ರೀಶಕ್ತಿ ಸಂಘಗಳು, ಸಹಕಾರ ಸಂಘಗಳು ತಮ್ಮ ಒಂದು ಸಭೆಯನ್ನು ಪಟ್ಟಿ ಮಾಡುವ ಕ್ರಮ ಕಲಿಸಲು ಮೀಸಲಿಡಲಿ. ಚಿನ್ನದ ಅಂಗಡಿಯವರು ಬಿಲ್ಲಿನಲ್ಲಿ ನಿವ್ವಳ ತೂಕ, ಎಚ್‌ಯುಐಡಿ ತಪ್ಪದೆ ನಮೂದಿಸಲಿ. ಬ್ಯಾಂಕಿನವರು ಲಾಕರ್ ಕೊಡುವಾಗ ನೂರು ಪಟ್ಟಿನ ಮಿತಿಯನ್ನು ಗ್ರಾಹಕರಿಗೆ ಬಾಯಿಬಿಟ್ಟು ಹೇಳಲಿ. ಎರಡೇ ಓಲೆ, ಒಂದು ತಾಳಿ ಇರುವವರು ವಿಮೆ ಕೊಳ್ಳಲಾಗದಿದ್ದರೂ ಪಟ್ಟಿಯನ್ನಂತೂ ಬರೆದಿಡಿ. ಅಡವಿಟ್ಟಿದ್ದರೆ ತೂಕ ನಮೂದಾದ ರಸೀದಿಯನ್ನು ಜೋಪಾನ ಮಾಡಿ. ಉಳ್ಳವರು ಮುಂದಿನ ಮದುವೆಯ ಒಡವೆಗೆ ಮುಂಗಡ ಕೊಡುವ ಮೊದಲು ಈಗಿರುವ ಒಡವೆಗೆ ವಿಮೆ ಮಾಡಿಸಿ. ಇಡೀ ಬದುಕು ದುಡಿದು ಕೂಡಿಸಿದ್ದನ್ನು ಒಂದು ರಾತ್ರಿಯ ಕಳವಿಗೋ ಒಂದು ಮಳೆಗಾಲದ ನೆರೆಗೋ ಒಪ್ಪಿಸದಿರುವುದು ನಮ್ಮ ಕೈಯಲ್ಲೇ ಇದೆ. ಈ ವಾರವೇ ಮನೆಮಂದಿಯೆಲ್ಲ ಕೂತು ಪಟ್ಟಿ ಶುರುಮಾಡಿ ಎಂದು ಕಳಕಳಿಯಿಂದ ಬೇಡಿಕೊಳ್ಳುತ್ತೇನೆ.